ಸೇವೆಗೆಂದು ಸಮಯ ತೆಗೆದಿಡುವುದು ಹೇಗೆ? ಕೊಟ್ಟ ಮಾತು ತಪ್ಪಿದವಳ ಪ್ರಶ್ನೆ

ನವನಗರದಿಂದ (ಬಾಗಲಕೋಟೆ)

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ನಾನು ಬಾಗಲಕೋಟೆಯ ನವನಗರದಲ್ಲಿ ವಾಸಿಸುವವಳು, ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ಮನೆಯಲ್ಲಿ ಇಬ್ಬರು ಮಕ್ಕಳು ಮತ್ತು ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿರುವ ಅತ್ತೆ ಇದ್ದಾರೆ. ಯಜಮಾನರು ಬಸ್ ನಿರ್ವಾಹಕರಾಗಿರುವುದರಿಂದ ಅವರ ಪಾಳಿ ವಾರಕ್ಕೊಂದು ರೀತಿ ಬದಲಾಗುತ್ತದೆ.

ನಮ್ಮ ಸಭೆಯಲ್ಲಿ ಸೇವೆಯೆಂದರೆ ಕ್ರಿಸ್ಮಸ್ ಮುಂದೆ ಕಂಬಳಿ ಹಂಚುವುದು, ಸುಗ್ಗಿ ಹಬ್ಬದ ದಿನ ಅಡಿಗೆಗೆ ನಿಲ್ಲುವುದು, ಯಾರಾದರೂ ತೀರಿಕೊಂಡರೆ ಆ ಮನೆಗೆ ಹೋಗಿ ಕೂಡುವುದು. ಇವುಗಳಲ್ಲಿ ನಾನು ಹಿಂದೆ ಬಿದ್ದಿಲ್ಲ. ಆದರೆ ವರ್ಷದ ಉಳಿದ ದಿನಗಳಲ್ಲಿ ಮತ್ತೊಬ್ಬರಿಗಾಗಿ ನಾನು ಒಂದು ತಾಸನ್ನೂ ತೆಗೆದಿಡುತ್ತಿಲ್ಲವೆಂಬ ಅಳಕು ಬಹಳ ದಿನಗಳಿಂದ ಇತ್ತು. ಫೆಬ್ರವರಿಯಲ್ಲಿ ನಮ್ಮ ಸಭಾಪಾಲಕರಾದ ಅಯ್ಯನವರು, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಸಾಮ್ಯವನ್ನು ಕುರಿತು ಬೋಧಿಸಿದ ರವಿವಾರ ನಾನು ಧೈರ್ಯ ಮಾಡಿ, ನಮ್ಮ ಸಭೆಯ ವಿಧವೆ ಅಜ್ಜಿಯೊಬ್ಬರಿಗೆ ಪ್ರತಿ ಗುರುವಾರ ಸಂಜೆ ಬರುತ್ತೇನೆಂದು ಮಾತು ಕೊಟ್ಟೆ. ಅವರ ಮಗ ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಇಲ್ಲಿ ಅವರು ಒಬ್ಬರೇ ಇರುತ್ತಾರೆ.

ಮೂರು ಗುರುವಾರ ಹೋದೆ. ನಾಲ್ಕನೆಯ ಗುರುವಾರ ಮಗನಿಗೆ ಜ್ವರ ಬಂತು, ಐದನೆಯದಕ್ಕೆ ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಕೆಲಸ ಶುರುವಾಯಿತು, ಆಮೇಲೆ ಹೋಗಲಿಲ್ಲ, ಹೋಗಲಿಲ್ಲವೆಂದು ಹೇಳಿಯೂ ಕಳಿಸಲಿಲ್ಲ. ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು, ಸಿಟ್ಟಿಲ್ಲದೆಯೇ, "ನೀ ಬರ್ತಿ ಅಂತ ಗುರುವಾರಕ್ಕೊಮ್ಮೆ ಪಾವ್ ಲೀಟರ್ ಹಾಲು ಹೆಚ್ಚಿಗಿ ತರಸ್ತಿದ್ದೆ ಯವ್ವಾ" ಎಂದರು. ಆ ಹಾಲಿನ ಮಾತು ನನ್ನನ್ನು ಬಿಡುತ್ತಿಲ್ಲ.

ನಾನು ಕೇಳಬೇಕಾದದ್ದು ಮೂರು ಸಂಗತಿ. ಮನೆಯಲ್ಲಿಯೇ ಸೇವೆ ಬೇಡುವವರು ಇರುವಾಗ ಅವರ ಸಮಯವನ್ನು ಕಡಿದು ಹೊರಗಿನವರಿಗೆ ಕೊಡುವುದು ವಾಕ್ಯಕ್ಕೆ ಒಪ್ಪುತ್ತದೆಯೇ? ವಾರ, ತಾಸು ಗೊತ್ತು ಮಾಡಿಕೊಂಡು ಮಾಡುವ ಸೇವೆ ಕಚೇರಿಯ ಕೆಲಸದಂತೆ ಆಗಿಬಿಡುವುದಿಲ್ಲವೇ, ಪ್ರೀತಿಯಿಂದ ತಾನಾಗಿ ಬರಬೇಕಾದದ್ದಲ್ಲವೇ? ಮತ್ತು ಒಮ್ಮೆ ಮಾತು ತಪ್ಪಿದ ಮೇಲೆ ಅದೇ ಬಾಗಿಲಿಗೆ ಯಾವ ಮುಖ ಹೊತ್ತು ಹೋಗಬೇಕು?

ನಿವೃತ್ತ ಮುಖ್ಯಾಧ್ಯಾಪಕ (ಬೆಳಗಾವಿ)

ತಂಗಿ, ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆ.

ಸತ್ಯವೇದದ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ, ಪೈರನ್ನು ಕೊಯ್ಯುವಾಗ ಹೊಲದ ಅಂಚಿನ ತನಕ ಕೊಯ್ಯಬಾರದು, ಉದುರಿದ ತೆನೆಗಳನ್ನು ಆಯ್ದುಕೊಳ್ಳಬಾರದು, ಅವು ಬಡವರಿಗೂ ಪರದೇಶಿಗಳಿಗೂ ಇರಲಿ ಎಂಬ ಅಪ್ಪಣೆಯಿದೆ. ಇದೇ ಅಪ್ಪಣೆ 23ನೆಯ ಅಧ್ಯಾಯದಲ್ಲಿ ಮತ್ತೆ ಬರುತ್ತದೆ, ಅದೂ ಹಬ್ಬಗಳ ಪಟ್ಟಿಯ ನಡುವೆ. ನಮ್ಮ ಸೀಮೆಯಲ್ಲಿ ಹಿಂಗಾರಿ ಜೋಳ ಕೊಯ್ಯುವುದನ್ನು ನೋಡಿದವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಕೊಯ್ಲು ಮುಗಿದ ಮೇಲೆ ಏನು ಉಳಿದಿದೆಯೋ ನೋಡಿ ಕೊಡೋಣವೆಂದವನ ಹೊಲದಲ್ಲಿ ಏನೂ ಉಳಿದಿರುವುದಿಲ್ಲ, ಏಕೆಂದರೆ ಕುಡುಗೋಲು ಹಿಡಿದವರ ಕೈ ತಾನಾಗಿ ಬದುವಿನ ತನಕ ಹೋಗುತ್ತದೆ. ಅಂಚನ್ನು ಬಿಡಬೇಕಾದರೆ ಕೊಯ್ಲಿಗೆ ಇಳಿಯುವ ಮೊದಲೇ ಎಲ್ಲಿಗೆ ನಿಲ್ಲಬೇಕೆಂದು ಗೊತ್ತು ಮಾಡಿರಬೇಕು. ವಾರದ ಏಳು ದಿನಗಳೂ ಇಂಥದೇ ಹೊಲ.

ಪರರ ಹೊಲದಲ್ಲಿ ತೆನೆ ಆಯುತ್ತಿದ್ದ ವಿಧವೆ ರೂತಳ ಕಥೆಯಲ್ಲಿ ಇನ್ನೂ ಸೂಕ್ಷ್ಮವಾದ ಮಾತಿದೆ. ಹೊಲದ ಯಜಮಾನ ಬೋವಜನು ತನ್ನ ಆಳುಗಳಿಗೆ, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂತಲೇ ಎಳೆದು ಆಕೆಗಾಗಿ ಬಿಡಿರಿ, ಆಕೆಯನ್ನು ಗದರಿಸಬೇಡಿರಿ ಎಂದು ಹೇಳುತ್ತಾನೆ. ಆಕಸ್ಮಿಕವಾಗಿ ಉದುರಿದಂತೆ ಕಾಣುವ ತೆನೆಯ ಹಿಂದೆ ಮುಂಚಿತವಾಗಿ ಕೊಟ್ಟ ಆಜ್ಞೆಯಿತ್ತು. ಹೀಗೆ ಮೊದಲೇ ಗೊತ್ತು ಮಾಡಿದ್ದರಿಂದ ಆ ಪ್ರೀತಿ ಕಡಿಮೆಯಾಯಿತೆಂದು ಹೇಳುವವರು ಯಾರು?

ಅಂಚು ಎಷ್ಟಗಲವಿರಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುವುದಿಲ್ಲ. ಮುಂದೆ ಯೆಹೂದ್ಯ ಪಂಡಿತರು ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದೆಂದು ಮಿತಿ ಹಾಕಿದರು. ಲೆಕ್ಕದ ಮಾಸ್ತರನಾಗಿದ್ದ ಚಟದಿಂದ ಇದನ್ನು ವಾರಕ್ಕೆ ಹಚ್ಚಿ ನೋಡಿದ್ದೇನೆ: ವಾರಕ್ಕೆ 168 ತಾಸು, ಅದರ ಅರವತ್ತನೆಯ ಒಂದು ಪಾಲು ಎರಡು ತಾಸು ನಲವತ್ತೆಂಟು ನಿಮಿಷ. ಇದನ್ನು ಕಟ್ಟಳೆಯೆಂದು ಹೇಳುತ್ತಿಲ್ಲ, ನಾವು ಎಷ್ಟು ಸಣ್ಣ ಅಂಚಿಗೆ ಹೆದರುತ್ತಿದ್ದೇವೆಂದು ತೋರಿಸುವುದಕ್ಕಷ್ಟೇ ಹೇಳಿದೆ.

ಕಚೇರಿಯ ಕೆಲಸದಂತಾಗುತ್ತದೆ ಎಂಬ ನಿಮ್ಮ ಅಂಜಿಕೆಗೆ ನಮ್ಮ ಸಭೆಯ ಹೆಸರೇ ಒಂದು ಉತ್ತರ. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ನಿನವರು ಬಂದರು, 1904ರಲ್ಲಿ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು, ಅಲ್ಲಿಂದ ನಾವು ಮೆಥೊಡಿಸ್ಟರು. ಆದರೆ ಆ ಹೆಸರು ಹುಟ್ಟಿದ್ದು ಗೇಲಿಯಿಂದ. ಆಕ್ಸ್‌ಫರ್ಡಿನಲ್ಲಿ ಈ ಪಂಗಡಕ್ಕೆ ಮೂಲನಾದ ಜಾನ್ ವೆಸ್ಲಿ ಮತ್ತು ಅವನ ಗೆಳೆಯರು ಎಲ್ಲವನ್ನೂ ಕ್ರಮ (ಇಂಗ್ಲಿಷಿನಲ್ಲಿ ಮೆಥಡ್) ಹಿಡಿದು ಮಾಡುತ್ತಾರೆಂದು ಸಹಪಾಠಿಗಳು ನಕ್ಕು ಇಟ್ಟ ಹೆಸರದು. 1730ರ ಆಗಸ್ಟಿನಲ್ಲಿ ವಿಲಿಯಂ ಮಾರ್ಗನ್ ಎಂಬ ಗೆಳೆಯನ ಒತ್ತಾಯಕ್ಕೆ ಅವರು ಊರ ಸೆರೆಮನೆಗೆ ಹೋದರು. ಆಮೇಲೆ ವಾರಕ್ಕೆ ಒಂದೆರಡು ಸಲ ಸೆರೆಮನೆಗೆ ಹೋಗುವುದೆಂದೂ, ವಾರಕ್ಕೆ ಒಂದೆರಡು ತಾಸು ಊರಿನ ರೋಗಿಗಳನ್ನು ಕಾಣುವುದೆಂದೂ ತಮ್ಮೊಳಗೆ ನಿಶ್ಚಯಿಸಿಕೊಂಡರು. ಅಷ್ಟೇ ಅಲ್ಲ, ವೆಸ್ಲಿ ಇದು ಸರಿಯೇ ಎಂದು ತನ್ನ ತಂದೆಗೆ ಕಾಗದ ಬರೆದು ಕೇಳಿದನು, ಬಿಷಪರ ಕಡೆಯಿಂದಲೂ ಒಪ್ಪಿಗೆ ಪಡೆದನು. ಒಂದೆರಡು ತಾಸಿಗಾಗಿ ಇಷ್ಟೆಲ್ಲ ಏಕೆಂದು ನಮಗೆ ಅನ್ನಿಸಬಹುದು, ಆದರೆ ಮನೆಯವರ ಮತ್ತು ಹಿರಿಯರ ಒಪ್ಪಿಗೆ ಮೊದಲೇ ಪಡೆದ ಸೇವೆಗೆ ಆಮೇಲೆ ಅವರೇ ಕಾವಲು ನಿಲ್ಲುತ್ತಾರೆ. ನೀವು ಮಾತು ಕೊಟ್ಟದ್ದು ಅಜ್ಜಿಗೆ, ಆದರೆ ನಿಮ್ಮ ಯಜಮಾನರನ್ನು ಕೇಳಿ ಕೊಟ್ಟಿದ್ದಿರೇ? ನೀವು ಬರೆದದ್ದರಲ್ಲಿ ಅದು ಕಾಣಲಿಲ್ಲ.

ಸಮಾರ್ಯದವನ ಬಗ್ಗೆ ಒಂದು ಮಾತು. ಆತನು ಗಾಯಾಳುವನ್ನು ಛತ್ರಕ್ಕೆ ಕರೆತಂದು ಆ ರಾತ್ರಿ ಆರೈಕೆ ಮಾಡಿದನು, ಮರುದಿನ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಛತ್ರದವನ ಕೈಗೆ ಕೊಟ್ಟು ತನ್ನ ದಾರಿ ಹಿಡಿದನು. ಪ್ರಯಾಣವನ್ನು ಕೈಬಿಡಲಿಲ್ಲ. ತಿರುಗಿ ಬರುವಾಗ ಹೆಚ್ಚಿನ ಖರ್ಚು ಕೊಡುತ್ತೇನೆಂದು ಹೇಳಿ, ಉಳಿದ ಆರೈಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದನು. ಎಲ್ಲವನ್ನೂ ನಾನೊಬ್ಬನೇ ಮಾಡಬೇಕೆಂಬುದು ಈ ಸಾಮ್ಯದಲ್ಲಿ ಇಲ್ಲ.

ಗುಳೇದಗುಡ್ಡದ ನೇಕಾರ

ಮಾಸ್ತರರ ಮಾತಿಗೆ ಗೌರವವಿದೆ, ಆದರೂ ನನ್ನದೊಂದು ತಕರಾರು ದಾಖಲಾಗಲಿ. ಇಂಥ ಮಾತುಗಳನ್ನು ಕೇಳಿದಾಗಲೆಲ್ಲ ಮನೆಯ ಹೆಂಗಸರ ಮೇಲೆ ಮತ್ತೊಂದು ಹೊರೆ ಬೀಳುತ್ತದೆಂದು ನನಗೆ ಭಯ. ನಮ್ಮೂರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1851ರಲ್ಲಿ. ಅಂದಿನಿಂದ ಇಂದಿನವರೆಗೆ ಸಭೆಯ ಕಸ ಗುಡಿಸಿದವರು, ರೋಗಿಗಳ ಹತ್ತಿರ ಕುಳಿತವರು, ಮದುವೆಗೂ ಮಣ್ಣಿಗೂ ರೊಟ್ಟಿ ಬಡಿದವರು ಯಾರೆಂದು ಎಲ್ಲರಿಗೂ ಗೊತ್ತು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಅಕ್ಕನವರೇ, ಎರಡು ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ತಿರುಗಿಸಿ ಮಲಗಿಸುವುದು, ಮೈ ಒರೆಸುವುದು, ಉಣಿಸುವುದು ಸೇವೆಯಲ್ಲವೆಂದು ನಿಮಗೆ ಯಾರು ಹೇಳಿದರು? ತನ್ನ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನು ತಿರಸ್ಕರಿಸಿದವನೆಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಪ್ಪಿಸಿಕೊಂಡವರನ್ನು ಕರ್ತನು ಮಾರ್ಕನ 7ನೆಯ ಅಧ್ಯಾಯದಲ್ಲಿ ಕಟುವಾಗಿ ಖಂಡಿಸಿದ್ದಾನೆ. ಹೊರಗಿನ ಸೇವೆಯೂ ಒಮ್ಮೊಮ್ಮೆ ಕೊರ್ಬಾನ್ ಆಗುತ್ತದೆ. ಮನೆಯಲ್ಲಿ ಯಾರೂ ನೋಡದ ಕೆಲಸಕ್ಕಿಂತ ಸಭೆಯವರು ನೋಡುವ ಕೆಲಸ ಹಗುರವೆನ್ನಿಸುವುದನ್ನು ನಾನು ನನ್ನಲ್ಲಿಯೇ ಕಂಡಿದ್ದೇನೆ. ಖಣದ ಮಗ್ಗದ ಮುಂದೆ ತಂದೆಯವರು ಕೆಮ್ಮುತ್ತ ಕೂತಿರುವಾಗ ನಾನು ಯುವಜನ ಕೂಟದ ಸಭೆಗಳಿಗೆ ಓಡಾಡುತ್ತಿದ್ದೆ. ಅವರು ಈಗ ಇಲ್ಲ.

ಹಾಗೆಂದು ಅಜ್ಜಿಯ ಕಡೆಗೆ ಹೋಗಬೇಡಿರಿ ಎನ್ನುವುದಿಲ್ಲ. ಆದರೆ ಆ ತಾಸನ್ನು ಅತ್ತೆಯಿಂದ ಕಡಿಯಬೇಡಿರಿ, ಟಿವಿಯಿಂದಲೋ ಮೊಬೈಲಿನಿಂದಲೋ ಕಡಿಯಿರಿ. ಮತ್ತು ಆ ಸಂಜೆ ಅತ್ತೆಯ ಹತ್ತಿರ ಯಾರು ಇರಬೇಕೆಂಬುದನ್ನು ಗಂಡಸರೂ ಯೋಚಿಸಲಿ.

ರಾತ್ರಿ ಪಾಳಿ (ವಿಜಯಪುರ)

ನಾನು ಇಪ್ಪತ್ತೆರಡು ವರ್ಷಗಳಿಂದ ನರ್ಸ್. ವಾಕ್ಯಗಳ ವಿಚಾರ ಹಿರಿಯರು ಹೇಳಿದ್ದಾರೆ, ನಾನು ವಾರ್ಡಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ಸಮಯ ತೆಗೆದಿಡುವುದಕ್ಕಿಂತ ಮೊದಲು, ಆ ಸಮಯ ಯಾರ ಅನುಕೂಲದ್ದು ಎಂದು ಕೇಳಿಕೊಳ್ಳಬೇಕು. ರವಿವಾರ ಆರಾಧನೆ ಬಿಟ್ಟ ಮೇಲೆ ಹತ್ತು ಹನ್ನೆರಡು ಜನ ಒಟ್ಟಿಗೆ ವಾರ್ಡಿಗೆ ಬಂದು, ಒಂದೊಂದು ಮಂಚದ ಮುಂದೆ ದೊಡ್ಡ ದನಿಯಲ್ಲಿ ಪ್ರಾರ್ಥಿಸಿ, ಬಾಳೆಹಣ್ಣು ಕೊಟ್ಟು ಹೋಗುತ್ತಾರೆ. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ರವಿವಾರ ಬಾಳೆಹಣ್ಣು ರಾಶಿ ಬೀಳುತ್ತದೆ, ಬುಧವಾರ ಯಾರೂ ಬರುವುದಿಲ್ಲ. ಸಿಂದಗಿ, ಇಂಡಿ, ತಾಳಿಕೋಟೆಯ ಕಡೆಯ ಹಳ್ಳಿಗಳಿಂದ ಬಂದ ರೋಗಿಯ ಜೊತೆಗೆ ಒಬ್ಬರೇ ಇರುತ್ತಾರೆ, ಬಹಳ ಸಲ ಹೆಂಡತಿ ಅಥವಾ ತಾಯಿ. ಅವರು ಸ್ನಾನ ಮಾಡಿ ಎರಡು ದಿನವಾಗಿರುತ್ತದೆ. ರಕ್ತಪರೀಕ್ಷೆಯ ಚೀಟಿ ಯಾವ ಕೋಣೆಗೆ ಒಯ್ಯಬೇಕೆಂದು ಓದಲು ಬರುವುದಿಲ್ಲ, ಮಂಚ ಬಿಟ್ಟು ಹೋದರೆ ಸಲೈನ್ ಮುಗಿದೀತೆಂಬ ಹೆದರಿಕೆ. ಒಂದು ತಾಸು ಆ ಮಂಚದ ಹತ್ತಿರ ಕುಳಿತು, ನೀವು ಹೋಗಿ ಮೈ ತೊಳೆದುಕೊಂಡು ಉಂಡು ಬನ್ನಿರಿ ಎಂದು ಹೇಳುವವರು ಇದ್ದರೆ ಅದು ಹತ್ತು ಜನರ ಹಣ್ಣಿಗಿಂತ ಹೆಚ್ಚು. ಮೊದಲು ವಾರ್ಡಿನ ಸಿಸ್ಟರನ್ನು ಕೇಳಿ, ಅವರು ಹೇಳಿದ ವೇಳೆಗೆ ಬನ್ನಿರಿ.

ಮನೆ ಬಿಟ್ಟು ವಾರವಾರ ಬರಲಾಗದವರಿಗೆ ಇನ್ನೊಂದು ದಾರಿ ಇದೆ, ಅದು ರಕ್ತದಾನ. ಆರೋಗ್ಯವಂತ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಶಿಬಿರ ಹಾಕುವ ದಿನ ಮಾತ್ರ ಎಲ್ಲರೂ ಕೊಡುತ್ತಾರೆ, ಬೇಸಿಗೆಯಲ್ಲಿ ಯಾರೂ ಸಿಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಮೂರು ದಿನ ಗುರುತು ಹಾಕಿ ಇಟ್ಟರೆ ಸಾಕು. ಹಾಗೆಯೇ, ಕ್ಷಯರೋಗದ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ಎರಡು ತಿಂಗಳಿಗೆ ಮೈ ಹಗುರಾಗುವುದರಿಂದ ಎಷ್ಟೋ ಜನ ನಡುವೆ ಬಿಟ್ಟುಬಿಡುತ್ತಾರೆ. ಆರು ತಿಂಗಳು ಒಬ್ಬರಿಗೆ ದಿನಾ ಎರಡು ನಿಮಿಷ ಫೋನ್ ಮಾಡಿ, ಮಾತ್ರೆ ಆಯಿತೇ ಎಂದು ಕೇಳುವುದಕ್ಕೆ ಅತ್ತೆಯ ಹಾಸಿಗೆಯ ಪಕ್ಕದಿಂದ ಏಳಬೇಕಾಗಿಲ್ಲ.

ಅಕ್ಕಾ, ಇನ್ನು ಹಾಲಿನ ವಿಷಯ. ಹೋಗಿ, ತಪ್ಪಾಯಿತೆಂದು ಹೇಳಿರಿ. ಅಜ್ಜಿ ನಿಮ್ಮ ಕೈ ಹಿಡಿದು ಆ ಮಾತು ಹೇಳಿದರೆಂದರೆ ಬಾಗಿಲು ತೆರೆದೇ ಇದೆ. ಮುಖ ತಿರುಗಿಸಿ ಹೋಗಿದ್ದರೆ ಆಗ ಚಿಂತೆ ಮಾಡಬೇಕಾಗಿತ್ತು.

ಖಾನಾಪುರದಿಂದ ಒಬ್ಬ ಕಥೋಲಿಕ

ಪ್ರೊಟೆಸ್ಟಂಟ್ ಬಂಧುಗಳ ಚರ್ಚೆಯಲ್ಲಿ ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆ ಎಂಬುದಿದೆ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಕೆಲವು ಗೆಳೆಯರೊಂದಿಗೆ ಇದನ್ನು ಆರಂಭಿಸಿದ. ಇದರ ಮುಖ್ಯ ಕೆಲಸ ಇಂದಿಗೂ ಒಂದೇ: ಬಡವರ ಮನೆಗೆ ಹೋಗಿ ಕಾಣುವುದು, ಮತ್ತು ಇಬ್ಬಿಬ್ಬರಾಗಿ ಹೋಗುವುದು. ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಪದ್ಧತಿ ಇದು.

ಇಬ್ಬರು ಏಕೆಂಬುದು ನನಗೂ ಮೊದಲು ತಿಳಿಯಲಿಲ್ಲ. ಒಬ್ಬರೇ ಹೋಗುವಾಗ ಮೈಗಳ್ಳತನಕ್ಕೆ ನೂರು ನೆವ ಸಿಗುತ್ತವೆ, ಇನ್ನೊಬ್ಬರು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾರೆಂದರೆ ಸಿಗುವುದಿಲ್ಲ. ಒಬ್ಬರ ಮಗನಿಗೆ ಜ್ವರ ಬಂದರೆ ಮತ್ತೊಬ್ಬರು ಹೋಗುತ್ತಾರೆ. ಹೋದ ಮನೆಯ ಸಂಗತಿಯನ್ನು ಬೇರೆ ಯಾರಿಗೂ ಹೇಳುವಂತಿಲ್ಲವಾದ್ದರಿಂದ, ದಾರಿಯಲ್ಲಿ ಮಾತಾಡಿಕೊಂಡು ಭಾರ ಇಳಿಸಿಕೊಳ್ಳುವುದಕ್ಕೂ ಒಬ್ಬರು ಬೇಕು.

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ ನಿಮ್ಮ ಅಜ್ಜಿಯ ವಿಷಯವೇ ಆಗಿದೆ. ದಿನದಿನದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂದು ಗುಣುಗುಟ್ಟು ಎದ್ದಾಗ, ಅಪೊಸ್ತಲರು ಪ್ರೀತಿಯ ಕುರಿತು ಉಪದೇಶ ಮಾಡಿ ಮುಗಿಸಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಿರೆಂದು ಶಿಷ್ಯರಿಗೆ ಹೇಳಿ, ಹೆಸರು ಹಿಡಿದು ಅವರನ್ನು, ಆ ಕೆಲಸಕ್ಕೆ ನೇಮಿಸಿದರು. ನಿಮ್ಮ ಸಭೆಯಲ್ಲಿ ಒಂಟಿಯಾಗಿರುವ ವೃದ್ಧರು ಎಷ್ಟು ಜನ, ಅವರನ್ನು ಯಾವ ವಾರ ಯಾರು ಕಾಣಬೇಕು ಎಂಬ ಒಂದು ಹಾಳೆಯ ಪಟ್ಟಿ ಇದ್ದಿದ್ದರೆ ನೀವೊಬ್ಬರೇ ಇಷ್ಟು ನೋಯಬೇಕಾಗಿರಲಿಲ್ಲ. ಸ್ತ್ರೀಯರ ಕೂಟದಲ್ಲಿ ಈ ಮಾತು ಎತ್ತಿರಿ.

ನಿವೃತ್ತ ಮುಖ್ಯಾಧ್ಯಾಪಕ (ಬೆಳಗಾವಿ)

ಗುಳೇದಗುಡ್ಡದ ಸಹೋದರರ ತಕರಾರನ್ನು ಒಪ್ಪುತ್ತೇನೆ. ಅಂಚಿನ ಮಾತು ಹೇಳುವಾಗ ಹೊಲ ಯಾರದು, ಕೊಯ್ಯುವವರು ಯಾರು ಎಂಬುದನ್ನು ನಾನು ವಿಚಾರಿಸಲಿಲ್ಲ. ಆ ಅಪ್ಪಣೆ ಹೊಲದ ಯಜಮಾನನಿಗೆ ಕೊಟ್ಟದ್ದು, ಕೂಲಿಯವಳ ಮಡಿಲಿನಿಂದ ತೆನೆ ಕಿತ್ತು ಕೊಡೆಂದು ಹೇಳಿದ್ದಲ್ಲ. ಆದರೆ ಒಂದು ಭಿನ್ನಾಭಿಪ್ರಾಯ ಉಳಿಸಿಕೊಳ್ಳುತ್ತೇನೆ: ಮನೆಯ ಸೇವೆ ಮುಗಿದ ಮೇಲೆ ಹೊರಗಿನದು ಎಂದರೆ, ಮನೆಯ ಕೆಲಸ ಎಂದಿಗೂ ಮುಗಿಯುವುದಿಲ್ಲ. ನನ್ನ ನಲವತ್ತು ವರ್ಷ ಹಾಗೆಯೇ ಹೋದವು.

ಗುಳೇದಗುಡ್ಡದ ನೇಕಾರ

ಅದು ಗಂಡಸರ ಮನೆಯ ಕೆಲಸದ ಮಾತು, ಮಾಸ್ತರರೇ. ಇರಲಿ, ಜಗಳವಿಲ್ಲ. ಅಕ್ಕನವರೇ, ಒಂದು ಸಂಗತಿ ಹೊಳೆಯಿತು. ನಿಮ್ಮ ಅತ್ತೆಯವರಿಗೂ ಆ ಅಜ್ಜಿಗೂ ಪರಿಚಯವಿರಲೇಬೇಕಲ್ಲವೇ? ಹಾಸಿಗೆ ಹಿಡಿದವರನ್ನು ನಾವು ಸೇವೆ ಪಡೆಯುವವರೆಂದು ಮಾತ್ರ ನೋಡುತ್ತೇವೆ. ಅವರನ್ನೂ ಒಂದು ಮಾತು ಕೇಳಿರಿ.

ನವನಗರದಿಂದ (ಬಾಗಲಕೋಟೆ)

ಎಲ್ಲರಿಗೂ ವಂದನೆಗಳು. ಉತ್ತರ ಬರೆಯಲು ತಿಂಗಳಾಯಿತು, ಏಕೆಂದರೆ ಏನಾದರೂ ಮಾಡಿದ ಮೇಲೆಯೇ ಬರೆಯಬೇಕೆಂದುಕೊಂಡಿದ್ದೆ.

ಮೊದಲು ಯಜಮಾನರ ಹತ್ತಿರ ಕುಳಿತು ಮಾತಾಡಿದೆ. ಮಾಸ್ತರರು ಊಹಿಸಿದ್ದು ಸರಿ, ಫೆಬ್ರವರಿಯಲ್ಲಿ ನಾನು ಅವರನ್ನು ಕೇಳಿರಲಿಲ್ಲ, ಹೇಳಿದ್ದೆನಷ್ಟೇ. ಅವರ ಪಾಳಿಯನ್ನು ನೋಡಿದಾಗ ಪ್ರತಿ ಗುರುವಾರ ಸಾಧ್ಯವೇ ಇಲ್ಲವೆಂದು ತಿಳಿಯಿತು. ತಿಂಗಳಲ್ಲಿ ಎರಡು ಗುರುವಾರ, ಸಂಜೆ ಆರರಿಂದ ಏಳೂವರೆ, ಆ ವೇಳೆಯಲ್ಲಿ ಅವರು ಅತ್ತೆಯ ಹತ್ತಿರ ಇರುತ್ತಾರೆಂದು ಒಪ್ಪಿದರು. ಉಳಿದ ಗುರುವಾರಗಳಿಗೆ ಸ್ತ್ರೀಯರ ಕೂಟದಲ್ಲಿ ಕೇಳಿದೆ. ಪಟ್ಟಿಯ ಮಾತಿಗೆ ಎಲ್ಲರೂ ತಲೆಯಾಡಿಸಿದರು, ಹೆಸರು ಕೊಟ್ಟವರು ಮಾತ್ರ ಒಬ್ಬರೇ. ಆದರೂ ಈಗ ನಾವು ಇಬ್ಬರಿದ್ದೇವೆ.

ಅತ್ತೆಯವರಿಗೆ ವಿಷಯ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಟ್ರಂಕಿನ ಕಡೆಗೆ ಕೈ ತೋರಿಸಿದರು. ಅದರಲ್ಲಿದ್ದ ತಮ್ಮ ಹಳೆಯ ಎರಡು ಇಳಕಲ್ ಸೀರೆಗಳನ್ನು ತೆಗೆಸಿ, ಆಕೆಗೆ ಕೌದಿ ಹೊಲಿಯುವ ಕೈ ಚೆನ್ನಾಗಿದೆ, ಒಯ್ದು ಕೊಡು ಎಂದರು. ಅವರ ನಾಲಿಗೆ ತೊದಲುವುದರಿಂದ ಇಷ್ಟು ಮಾತಿಗೆ ಬಹಳ ವೇಳೆ ಹಿಡಿಯಿತು. ಅಜ್ಜಿ ಕೌದಿ ಹೊಲಿಯುತ್ತಾರೆಂಬುದು, ಮೂರು ಸಲ ಆ ಮನೆಗೆ ಹೋಗಿ ಬಂದಿದ್ದ ನನಗೆ ಗೊತ್ತೇ ಇರಲಿಲ್ಲ.

ಕಳೆದ ಗುರುವಾರ ಹೋದೆ. ಹಾಲನ್ನು ನಾನೇ ಒಯ್ದಿದ್ದೆ. ತಪ್ಪಾಯಿತೆಂದು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ಸೀರೆಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಆದರೂ ಹೇಳಿದೆ. ಮೊದಲ ಮತ್ತು ಮೂರನೆಯ ಗುರುವಾರ ನಾನು, ಎರಡನೆಯ ಮತ್ತು ನಾಲ್ಕನೆಯದಕ್ಕೆ ಇನ್ನೊಬ್ಬರು, ಬರಲಾಗದಿದ್ದರೆ ಹಿಂದಿನ ದಿನವೇ ಫೋನ್ ಮಾಡುತ್ತೇವೆಂದು ಅವರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದೆ. ಏನು ಮಾಡಿಕೊಡಲಿ ಎಂದು ಈ ಸಲ ಕೇಳಿದೆ. ಹಿಂದಿನ ಮೂರೂ ಸಲ ಕೇಳಿರಲಿಲ್ಲ, ಸತ್ಯವೇದ ಓದಿ ಪ್ರಾರ್ಥಿಸಿ ಬಂದಿದ್ದೆ. ಅಜ್ಜಿ ಒಂದು ಡಬ್ಬಿ ತಂದು ಮುಂದಿಟ್ಟರು. ಕೈ ಇನ್ನೂ ನಡೆಯುತ್ತದೆಯಂತೆ, ಕಣ್ಣಿಗೆ ಮಾತ್ರ ಸೂಜಿಯ ತೂತು ಕಾಣುವುದಿಲ್ಲವಂತೆ, ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬರುವ ತನಕ ಕಾಯಬೇಕಾಗುತ್ತದೆಯಂತೆ.

ಹದಿನೈದು ದಿನಕ್ಕೆ ಸಾಲುವಂತೆ ಹದಿನಾಲ್ಕು ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಒಂದು ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬಂದೆ. ಅದಕ್ಕೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಉಳಿದ ವೇಳೆ ಅವರು ಹೊಲಿದರು, ನಾನು ಚಹಾ ಮಾಡಿದೆ.